ಸೀನಪ್ಪನ ಎರಡನೆಯ ಕರೆಂಟ್ ಸೈಕಲ್

ಬೆಟ್ಟವೆಂಬುದೇ ಇಲ್ಲದ ಕತಾರಿನಲ್ಲಿ ಬೆಳ್ಮಣ್ಣು ಊರಿನ ಸೀನಪ್ಪನ ಹತ್ತಿರ ಬೆಟ್ಟ ಹತ್ತುವ ಕರೆಂಟ್ ಸೈಕಲ್ ಇತ್ತು. ಇದ್ದದ್ದು ಒಂದೇ ಒಂದು. ಅದೇ ಅವನ ಚಿಂತೆ. ಇಪ್ಪತ್ತನಾಲ್ಕು ವರ್ಷ ದೋಹಾದಲ್ಲಿ ಸ್ಟೋರ್ ಕೀಪರ್ ಆಗಿ ಕಳೆದ ಮನುಷ್ಯ ಅವನು. ಯಾವ ಸಾಮಾನಾದರೂ ಒಂದೇ ಇದೆ ಎಂದರೆ ಅದು ಇಲ್ಲವೆಂದೇ ಅವನ ಲೆಕ್ಕ.

ದೋಹಾದ ಪಕ್ಕದ ಲುಸೈಲಿನಲ್ಲಿ ಕಟ್ಟಡಗಳ ಏಸಿಗೆ ತಣ್ಣೀರು ಹರಿಸುವ ಪೈಪು ಹಾಕುವ ಕಂಪನಿಯ ಸ್ಟೋರು ಅವನದು. ವಾಲ್ವು, ಗ್ಯಾಸ್ಕೆಟ್ಟು, ಬೋಲ್ಟು ತುಂಬಿದ ಐದು ಕಂಟೇನರುಗಳ ರಾಜ್ಯಕ್ಕೆ ಅವನೇ ಅರಸ, ಅವನೇ ದಿವಾನ. ಅಲ್ಲಿ ಅವನು ನಡೆಸಿಕೊಂಡು ಬಂದ ಕಾನೂನು ಎರಡು. ಯಾವ ಸಾಮಾನೂ ಎರಡಕ್ಕಿಂತ ಕಡಿಮೆಯಾಗಬಾರದು. ಇಶ್ಯೂ ಸ್ಲಿಪ್ಪಿಗೆ, ಅಂದರೆ ಸಾಮಾನು ಕೊಟ್ಟ ಚೀಟಿಗೆ, ಪಡೆದವರ ಸಹಿ ಬೀಳದೆ ಒಂದು ವಾಷರ್ ಕೂಡ ಬಾಗಿಲು ದಾಟಬಾರದು. ಪ್ರಾಜೆಕ್ಟ್ ಮ್ಯಾನೇಜರ್ ಒಮ್ಮೆ ಅವಸರದಲ್ಲಿ ಟಾರ್ಚು ಎತ್ತಿಕೊಂಡು ಹೊರಟಾಗ ಸೀನಪ್ಪ ಸ್ಲಿಪ್ಪು ಹಿಡಿದು ಉರಿಬಿಸಿಲಲ್ಲಿ ಕಾರಿನ ಹಿಂದೆ ಓಡಿದ್ದನ್ನು ಸೈಟಿನವರು ಇನ್ನೂ ಮರೆತಿಲ್ಲ.

ಕಾನೂನು ಸ್ಟೋರಿನಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅದು ಅವನ ಹಿಂದೆಯೇ ದೋಹಾದ ನಜ್ಮಾ ಬಡಾವಣೆಯ ರೂಮಿಗೂ ಬಂದಿತ್ತು. ಆರು ವರ್ಷದಿಂದ ಆ ರೂಮು ಹಂಚಿಕೊಂಡಿದ್ದ ಮೈಸೂರಿನ ವೆಂಕಟರಾಮು, ಅಲ್ ಸದ್ದ್‌ನ ಆಫೀಸೊಂದರಲ್ಲಿ ಗುಮಾಸ್ತರು, ಇದನ್ನೆಲ್ಲ ಸಹಿಸಿಕೊಂಡವರು. ಒಲೆ ಒಂದು, ಕುಕ್ಕರ್ ಎರಡು. ಕಣ್ಣು ಒಂದೇ ಜೊತೆ, ಕನ್ನಡಕ ಎರಡು. ಎರಡನೆಯದೆಲ್ಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ತಾರೀಕು ಬರೆದ ಚೀಟಿ ಕಟ್ಟಿಸಿಕೊಂಡು, ಬೀರುವಿನ ಮೇಲೆ ಕೂತಿರುತ್ತಿತ್ತು. ಒಂದು ದಿನ ವೆಂಕಟರಾಮು ಆ ಎರಡನೆಯ ಕುಕ್ಕರಿನಲ್ಲಿ ಬೇಳೆ ಬೇಯಿಸಿದ್ದಕ್ಕೆ, ಊಟಕ್ಕೆ ಕೂರುವ ಮೊದಲು ಸ್ಲಿಪ್ಪಿಗೆ ಸಹಿ ಹಾಕಬೇಕಾಯಿತು.

ಸೈಕಲ್ ಬಂದದ್ದು ಫುಟ್‌ಬಾಲ್ ವರ್ಲ್ಡ್ ಕಪ್ಪಿಗೆ ಒಂದು ವರ್ಷ ಇದೆ ಎನ್ನುವಾಗ. ಅವರ ಸೈಟಿನಲ್ಲಿ ಬೆಲ್ಜಿಯಂನ ಇಂಜಿನಿಯರ್ ಒಬ್ಬನಿದ್ದ. ಅವನೂ ಅವನ ಹೆಂಡತಿಯೂ ಒಂದೇ ಮಾದರಿಯ ಎರಡು ಕರೆಂಟ್ ಸೈಕಲ್ ಇಟ್ಟುಕೊಂಡು ಶುಕ್ರವಾರ ಬೆಳಿಗ್ಗೆ ಜೆಕ್ರೀತಿನ ಕಡೆ ಹೋಗುತ್ತಿದ್ದರು. ದೇಶದ ಪಶ್ಚಿಮ ಅಂಚಿನಲ್ಲಿ, ಸಮುದ್ರದ ಹತ್ತಿರ, ಗಾಳಿ ಕೊರೆದ ಸುಣ್ಣಕಲ್ಲಿನ ದಿಬ್ಬಗಳಿರುವ ಜಾಗ ಅದು. ಇಂಜಿನಿಯರನಿಗೆ ಬೆನ್ನುನೋವು ಬಂತು, ಡಾಕ್ಟರು ಸವಾರಿ ಬಿಡಿಸಿದರು. ತನ್ನ ಸೈಕಲ್ಲನ್ನು ನೋಡಿಕೊಳ್ಳುವ ಕೈಗೆ ಕೊಡಬೇಕೆಂದು ಅವನಿಗೆ ಆಸೆ. ವಾಷರನ್ನೂ ಒರೆಸಿ ಇಡುವ ಕೈ ಸೈಟಿನಲ್ಲಿ ಒಂದೇ ಇತ್ತು.

ಕೊಳ್ಳುವ ಮೊದಲು ಸೀನಪ್ಪ ಅದನ್ನು ಜೆಕ್ರೀತಿನಲ್ಲಿ ಓಡಿಸಿ ನೋಡಿದ. ಏರು ಬಂದರೆ ಇಳಿದು ತಳ್ಳಬೇಕು ಎಂಬುದು ಬೆಳ್ಮಣ್ಣಿನಲ್ಲಿ ಅವನು ಕಲಿತ ಸೈಕಲ್ ವಿದ್ಯೆಯ ಮೊದಲ ಪಾಠ. ಇಲ್ಲೂ ಏರು ಬಂತು, ಅವನು ಇಳಿಯಲು ಕಾಲೆತ್ತಿದ. ಅಷ್ಟರಲ್ಲಿ ಯಾರೋ ಹಿಂದಿನಿಂದ ಸೀಟಿಗೆ ಕೈಕೊಟ್ಟು ದೂಡಿದ ಹಾಗಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ, ಬರೇ ಮೋಟಾರು. ಐವತ್ತೆರಡು ವರ್ಷದ ಮನುಷ್ಯ ದಿಬ್ಬದ ನೆತ್ತಿಯಲ್ಲಿ ನಿಂತು, ಯಾರೂ ಕೇಳದಿದ್ದರೂ, ಗಟ್ಟಿಯಾಗಿ ನಕ್ಕ.

ಅಲ್ಲಿಂದ ಅವನ ಕಾಯಿಲೆ ಶುರುವಾಯಿತು. ಈ ಸೈಕಲ್ ಕೆಟ್ಟರೆ? ಭಾಗಗಳು ಇಲ್ಲಿ ಸಿಗುವುದಿಲ್ಲ, ಯುರೋಪಿನಿಂದ ಬರಬೇಕು. ಸಮಾಧಾನಕ್ಕೆಂದು ಒಂದು ಸ್ಪೇರ್ ಬ್ಯಾಟರಿ ತರಿಸಿದ. ಮರುವರ್ಷ ಮೇ ತಿಂಗಳಲ್ಲಿ ಮಗಳು ನಿಶ್ಮಿತಾಳ ಮದುವೆಗೆ ಊರಿಗೆ ಹೊರಡುವಾಗ ಆ ಬ್ಯಾಟರಿಯನ್ನು ಸ್ಟೋರಿನ ಶಾಸ್ತ್ರದಂತೆ ಪೂರ್ತಿ ಖಾಲಿ ಮಾಡಿ, ಸುತ್ತಿ, ಚೀಟಿ ಕಟ್ಟಿ, ಬೀರುವಿನ ಮೇಲಿಟ್ಟ. ವೆಂಕಟರಾಮು ಕೂಡ ರಜೆಯಲ್ಲಿದ್ದರು. ಏಸಿ ಆರಿಸಿ ಮುಚ್ಚಿದ ರೂಮಿನಲ್ಲಿ ಅದು ನಲವತ್ತೈದು ದಿನ ಬೆಂದಿತು. ಬಂದು ಬಿಚ್ಚಿದರೆ ಹೊಸದರಂತೆಯೇ ಹೊಳೆಯುತ್ತಿತ್ತು, ಜೀವ ಮಾತ್ರ ಇರಲಿಲ್ಲ.

ನಜ್ಮಾದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಉಳ್ಳಾಲದ ಝಕರಿಯಾ ಅದಕ್ಕೆ ಎರಡು ವಯರು ಮುಟ್ಟಿಸಿ ನೋಡಿ, ಖಲಾಸ್ ಎಂದ. ಸೀನಪ್ಪ ಒಪ್ಪಲಿಲ್ಲ. ಉಪಯೋಗಿಸಿಯೇ ಇಲ್ಲ, ಹಾಳಾಗುವುದು ಹೇಗೆ ಎಂದು ವಾದಕ್ಕೆ ನಿಂತ. ಅವನ ಸ್ಟೋರಿನ ವಾಲ್ವುಗಳು ಹತ್ತು ವರ್ಷ ಕೂತರೂ ಹಾಗೇ ಇರುತ್ತವಲ್ಲ.

"ಇದು ವಾಲ್ವ್ ಅಲ್ಲ ಸೀನಣ್ಣ," ಎಂದ ಝಕರಿಯಾ. "ಇದನ್ನು ಓಡಿಸಿದರೆ ಮಾತ್ರ ಬದುಕುವುದು. ಇಟ್ಟರೆ ಸಾಯುತ್ತದೆ."

ಈ ಮಾತು ಸೀನಪ್ಪನಿಗೆ ಮುಳ್ಳಿನಂತೆ ಚುಚ್ಚಿಕೊಂಡಿತು. ಹೀಗಿರುವಾಗ, ಸೆಪ್ಟೆಂಬರಿನಲ್ಲಿ ಇಂಜಿನಿಯರ್ ಮತ್ತೆ ಬಂದ. ಕೆಲಸ ಮುಗಿಯಿತು, ಅಕ್ಟೋಬರ್ ಕೊನೆಗೆ ಗಂಡ ಹೆಂಡತಿ ದೇಶಕ್ಕೆ ಹೊರಡುತ್ತಾರೆ. ಹೆಂಡತಿಯ ಸೈಕಲ್ ಕೂಡ ಸೀನಪ್ಪನೇ ತೆಗೆದುಕೊಳ್ಳಬಹುದು. ಅದೇ ಮೋಟಾರು, ಅದೇ ಬ್ಯಾಟರಿ, ಎತ್ತರ ಮಾತ್ರ ಸ್ವಲ್ಪ ಕಡಿಮೆ. ಅದನ್ನು ಝಕರಿಯಾನ ಅಂಗಡಿಯಲ್ಲಿ ಬಿಟ್ಟು, ಅಕ್ಟೋಬರ್ ಇಪ್ಪತ್ತೆಂಟನೇ ತಾರೀಕಿನ ಒಳಗೆ ಹೇಳು, ಇಲ್ಲದಿದ್ದರೆ ಬೇರೆಯವರಿಗೆ ಎಂದು ಹೋದ.

ತೆಗೆದುಕೊಳ್ಳುವುದೋ ಬೇಡವೋ? ಸೀನಪ್ಪ ಕೇಳದ ಜನವಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಕೇಳಿದ. ಒಬ್ಬರು ಅಗ್ಗಕ್ಕೆ ಸಿಕ್ಕಿದ್ದನ್ನು ಬಿಡಬಾರದು ಎಂದರು, ಇನ್ನೊಬ್ಬರು ಮೂಗಿಗಿಂತ ಮೂಗುತಿ ಭಾರ ಎಂದರು. ವೆಂಕಟರಾಮು ಪೇಪರಿನಿಂದ ತಲೆ ಎತ್ತಲೇ ಇಲ್ಲ. "ಒಂದು ಸೈಕಲ್ಲಿಗೇ ಇಲ್ಲಿ ಬೆಟ್ಟ ಇಲ್ಲ ಸೀನಪ್ಪನವರೇ. ಎರಡನೇದಕ್ಕೆ ಎಲ್ಲಿಂದ ತರ್ತೀರಾ?"

ಸೀನಪ್ಪನಿಗೆ ತನ್ನ ಬಗ್ಗೆಯೇ ಕುತೂಹಲ ಹುಟ್ಟಿತು. ಸ್ಪೇರ್ ಮುಟ್ಟದೆ ಹತ್ತಿರ ಹತ್ತಿರ ಒಂದು ವರ್ಷ ಓಡಿಸಿದ್ದಾಗಿದೆ, ಏನೂ ಕೆಟ್ಟಿಲ್ಲ. ಎರಡನೆಯದನ್ನು ತಂದಿಟ್ಟರೆ ಆ ಬ್ಯಾಟರಿಯ ಗತಿಯೇ ಇದಕ್ಕೂ. ಬೇಡ ಎನ್ನಲು ಇಷ್ಟು ಸಾಲದೇ? ಆದರೂ ಸಂಜೆ ಕೆಲಸ ಬಿಟ್ಟವನು ಸೀದಾ ಝಕರಿಯಾನ ಅಂಗಡಿಗೆ ಹೋಗಿ ಆ ಸೈಕಲ್ಲಿನ ಮುಂದೆ ನಿಲ್ಲುತ್ತಿದ್ದ. ಬೆಲ್ಲು ಒಂದು ಸಲ ಹೊಡೆದು ನೋಡುತ್ತಿದ್ದ. ತನಗೆ ಬೇಕಾಗಿರುವುದು ನಿಜವಾಗಿ ಏನು ಎಂದು ಅವನಿಗೇ ಗೊತ್ತಾಗಲಿಲ್ಲ.

ಅಕ್ಟೋಬರ್ ಮೊದಲ ವಾರದಲ್ಲಿ ಪೂವಕ್ಕ ಬಂದಳು. ಅವನ ಹೆಂಡತಿ. ಮಗಳ ಮದುವೆಯ ಜವಾಬ್ದಾರಿ ಮುಗಿದಿತ್ತು, ನವೆಂಬರಿನಿಂದ ವರ್ಲ್ಡ್ ಕಪ್ ಮುಗಿಯುವವರೆಗೆ ವಿಸಿಟ್ ವೀಸಾ ಬಂದ್ ಎಂಬ ಸುದ್ದಿಯೂ ಇತ್ತು. ಇದ್ದ ಇಪ್ಪತ್ತೈದು ದಿನಕ್ಕೆ ಸೀನಪ್ಪ ನಜ್ಮಾದಲ್ಲೇ ಒಂದು ಸಣ್ಣ ಬೇರೆ ರೂಮು ಹಿಡಿದ. ಎಂಟು ವರ್ಷದ ಹಿಂದೆ ಒಮ್ಮೆ ಬಂದಿದ್ದಾಗ ಅವಳು ನೋಡಿದ್ದು ಏರ್‌ಪೋರ್ಟು ಮತ್ತು ಒಂದು ಮಾಲು. ಈ ಸಲ ಅವಳು ಎಲ್ಲವನ್ನೂ ಕೇಳಿದಳು. ಈ ಟೈಲರು ಯಾವ ಊರಿನವ, ಆ ಕಟ್ಟಡಕ್ಕೆ ಕಾಲ್ಚೆಂಡಿನವನ ಚಿತ್ರ ಯಾಕೆ ಅಷ್ಟುದ್ದ, ಇಲ್ಲಿಯ ಕಾಗೆಗಳು ಎಲ್ಲಿ ಹೋದವು. ಝಕರಿಯಾನ ಅಂಗಡಿಗೆ ಕರೆದುಕೊಂಡು ಹೋದಾಗ ಆ ಎರಡನೆಯ ಸೈಕಲ್ಲನ್ನು ಸುತ್ತುಹಾಕಿ ನೋಡಿ, ಬ್ರೇಕ್ ಒತ್ತಿ, ಇದು ಯಾರಿಗೆ ಎಂದು ಕೇಳಿದಳು. ಸ್ಪೇರ್ ಎಂದ ಸೀನಪ್ಪ. ಅವಳು ಹ್ಯಾಂಡಲ್ ಹಿಡಿದು ಕಾಲು ಅತ್ತ ಹಾಕಿ ಕೂತೇಬಿಟ್ಟಳು, ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಒಂದು ಸುತ್ತು ಹೊಡೆದು ಬಂದಳು.

ಸೀನಪ್ಪ ಬಾಯಿ ತೆರೆದು ನಿಂತಿದ್ದ. ಮದುವೆಯಾಗಿ ಇಪ್ಪತ್ತೇಳು ವರ್ಷ. ಪೂವಕ್ಕನಿಗೆ ಸೈಕಲ್ ಬರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಮುಂಡ್ಕೂರಿನಲ್ಲಿ ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ಲಿನಲ್ಲಿ ಬೀಡಿಯ ಕಟ್ಟು ಹೊತ್ತು ದಿನಾ ಬೀಡಿ ಕಂಪನಿಯ ಬ್ರಾಂಚಿಗೆ ಹೋಗಿ ಬರುತ್ತಿದ್ದಳಂತೆ, ಮೂರು ಮೈಲಿ. ಮದುವೆಯಾದ ಮೇಲೆ ಬಿಟ್ಟುಹೋಯಿತು. ನನಗೆ ಹೇಳಲೇ ಇಲ್ಲವಲ್ಲ ಎಂದ ಸೀನಪ್ಪ. ನೀವು ಕೇಳಲಿಲ್ಲ, ಬಂದಾಗಲೆಲ್ಲ ನಿಮಗೆ ಹೋಗುವ ಅವಸರ ಎಂದಳು ಪೂವಕ್ಕ, ಸಿಟ್ಟಿಲ್ಲದೆ. ಝಕರಿಯಾ ಚೈನಿಗೆ ಎಣ್ಣೆ ಬಿಡುತ್ತಿದ್ದ.

ಆ ಶುಕ್ರವಾರ ಬೆಳಿಗ್ಗೆ ಕಂಪನಿಯ ಪಿಕಪ್ಪಿನಲ್ಲಿ ಎರಡೂ ಸೈಕಲ್ ಹೇರಿಕೊಂಡು ಇಬ್ಬರೂ ಜೆಕ್ರೀತಿಗೆ ಹೋದರು. ಪರೀಕ್ಷೆ ಮಾಡಿ ನೋಡುವುದಕ್ಕೆ ಎಂದು ಸೀನಪ್ಪ ಹೇಳಿಕೊಂಡಿದ್ದ. ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು, ಹೆಲ್ಮೆಟ್ ಹಾಕಿಕೊಂಡು ಪೂವಕ್ಕ ಹೊರಟಳು. ಮರಳಿನ ದಾರಿಯಲ್ಲಿ ಮೊದಲು ಎರಡು ಕಡೆ ತಡವರಿಸಿದಳು. ಏರು ಬಂದದ್ದೇ, ಅವನು ಮಾಡಿದ ಹಾಗೆಯೇ, ಇಳಿಯಲು ಕಾಲೆತ್ತಿದಳು. ಮೋಟಾರು ದೂಡಿತು. ಪೂವಕ್ಕ ತಿರುಗಿ ನೋಡಿದಳು. ಹಿಂದೆ ಸೀನಪ್ಪನಿದ್ದ.

"ನೀವಾ ದೂಡಿದ್ದು?" ಎಂದು ಕೇಳಿದಳು.

ಅಲ್ಲ ಎನ್ನಲು ಅವನಿಗೆ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಅವಳು ಮುಂದೆ ಹೋಗಿಯೂ ಆಗಿತ್ತು. ದಿಬ್ಬದ ಮೇಲಿಂದ ಸಮುದ್ರ ಕಂಡಾಗ ಅವಳು ಬೆಲ್ಲನ್ನು ಟ್ರಿಣ್ ಟ್ರಿಣ್ ಎಂದು ಹೊಡೆಯುತ್ತಲೇ ಇದ್ದಳು, ಕೇಳುವುದಕ್ಕೆ ದೂರದಲ್ಲಿ ನಾಲ್ಕು ಒಂಟೆ ಬಿಟ್ಟರೆ ಯಾರೂ ಇರಲಿಲ್ಲ. ಸೀನಪ್ಪನಿಗೆ ಆ ದಿನ ಆದ ಸಂತೋಷ ಮಗಳ ಮದುವೆಯ ದಿನವೂ ಆಗಿರಲಿಲ್ಲ. ಮದುವೆಯ ದಿನ ಅವನು ಪಾತ್ರೆ ಎಣಿಸುತ್ತಿದ್ದ.

ಪಿಕಪ್ಪಿನ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತು ಫ್ಲಾಸ್ಕಿನ ಚಾ ಕುಡಿಯುವಾಗ ಪೂವಕ್ಕ ಕೇಳಿದಳು. "ನಾನು ಊರಿಗೆ ಹೋದ ಮೇಲೆ ಇದನ್ನು ಎಂತ ಮಾಡುವುದು?"

ಸೀನಪ್ಪ ಉತ್ಸಾಹದಲ್ಲಿ ಎಲ್ಲ ವಿವರಿಸಿದ. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತುವುದು, ಚೀಟಿ ಕಟ್ಟುವುದು, ಈ ಸಲ ಮರೆಯದೆ ತಿಂಗಳಿಗೊಮ್ಮೆ ಚಾರ್ಜ್ ಮಾಡುವುದು. ತನ್ನದು ಕೈಕೊಟ್ಟ ದಿನ ಇದು ಉಪಯೋಗಕ್ಕೆ ಬರುತ್ತದೆ. ಹೇಗೂ ರಿಟೈರ್ ಆದ ಮೇಲೆ ಇಬ್ಬರೂ ಆರಾಮವಾಗಿ ಓಡಾಡಿಕೊಂಡು ಇರಬಹುದಲ್ಲ.

ಪೂವಕ್ಕ ಲೋಟದ ಕೊನೆಯ ಹನಿಯನ್ನು ಮರಳಿಗೆ ಕೊಡವಿದಳು. "ಹಾಗಾದರೆ ಬೇಡ. ನನ್ನನ್ನು ಇಟ್ಟ ಹಾಗೆ ಇದನ್ನೂ ಇಡಬೇಡಿ ಮಾರಾಯ್ರೇ."

ಅವಳು ಅದನ್ನು ಚುಚ್ಚಬೇಕೆಂದು ಹೇಳಲಿಲ್ಲ, ಅಳುತ್ತಲೂ ಹೇಳಲಿಲ್ಲ. ಸೀನಪ್ಪನ ತಲೆ ಮಾತ್ರ ತನ್ನಷ್ಟಕ್ಕೆ ದಿನ ಎಣಿಸತೊಡಗಿತು. ಇಪ್ಪತ್ತೇಳು ವರ್ಷದಲ್ಲಿ ಇಬ್ಬರೂ ಒಂದೇ ಸೂರಿನಡಿ ಇದ್ದದ್ದು, ಎಲ್ಲ ರಜೆ ಸೇರಿಸಿದರೂ, ಐದು ವರ್ಷ ದಾಟಲಿಲ್ಲ. ಮೊದಲು ನಾಚಿಕೆಯಾಯಿತು, ಆಮೇಲೆ ಹೆದರಿಕೆಯಾಯಿತು. ಆ ಸತ್ತ ಬ್ಯಾಟರಿ ಕೂಡ ಹೊರಗಿನಿಂದ ಹೊಸದರಂತೆಯೇ ಇತ್ತಲ್ಲ.

ಮರುದಿನ ಸಂಜೆ ಝಕರಿಯಾನ ಅಂಗಡಿಗೆ ಹೋಗಿ ಸೈಕಲ್ ತೆಗೆದುಕೊಳ್ಳುತ್ತೇನೆ ಎಂದ. ಸ್ಟೋರಿನಲ್ಲೇ ಇಡೀ ಜೀವ ತೇಯ್ದವನಿಗೆ ಕ್ಷಮೆ ಕೇಳುವ ಬೇರೆ ರೀತಿ ತಿಳಿದಿರಲಿಲ್ಲ. ರೂಮಿಗೆ ಬಂದು ಒಂದು ಇಶ್ಯೂ ಸ್ಲಿಪ್ಪು ತೆಗೆದು, ಕನ್ನಡದಲ್ಲೇ ಬರೆದ. ಸಾಮಾನು: ಕರೆಂಟ್ ಸೈಕಲ್, ಒಂದು. ಪಡೆದವರು: ಪೂವಕ್ಕ. ಹಿಂತಿರುಗಿಸುವ ತಾರೀಕಿನ ಜಾಗವನ್ನು ಅವನು ಯಾವತ್ತೂ ಖಾಲಿ ಬಿಟ್ಟವನಲ್ಲ. ಅಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದ.

ಇದು ಎಂತಕ್ಕೆ ಎಂದು ಕೇಳಿದಳು ಪೂವಕ್ಕ.

"ಸಹಿ ಹಾಕಿದರೆ ಇದು ಸ್ಟಾಕಿನಿಂದ ಹೊರಗೆ," ಎಂದ ಸೀನಪ್ಪ. "ಇನ್ನು ನನ್ನದಲ್ಲ. ನಿನ್ನದು."

ಅವಳು ಚೀಟಿಯನ್ನು ಎರಡು ಸಲ ಓದಿ, ನಿಧಾನವಾಗಿ, ಅಕ್ಷರ ಅಕ್ಷರವಾಗಿ ತನ್ನ ಹೆಸರು ಬರೆದಳು.

ಪೂವಕ್ಕ ಊರಿಗೆ ಹೋದಳು. ನವೆಂಬರ್ ಬಂತು, ಲುಸೈಲಿಗೆ ಲೋಕವೇ ಬಂದು ಇಳಿಯಿತು. ಕೊನೆಗೂ ಎರಡು ಸೈಕಲ್ಲಿನ ಯಜಮಾನರಾದಿರಿ ಎಂದು ವೆಂಕಟರಾಮು ಛೇಡಿಸಿದರೆ, ನನ್ನದು ಒಂದೇ, ಇನ್ನೊಂದು ಪೂವಕ್ಕನದ್ದು ಎಂದು ಸೀನಪ್ಪ ತಿದ್ದುತ್ತಿದ್ದ. ಅದಕ್ಕೆ ಪ್ಲಾಸ್ಟಿಕ್ ಸುತ್ತಲಿಲ್ಲ, ಚೀಟಿ ಕಟ್ಟಲಿಲ್ಲ. ಸುಮ್ಮನಿಟ್ಟರೆ ಸಾಯುತ್ತದೆಂದು ಒಂದು ಶುಕ್ರವಾರ ಬಿಟ್ಟು ಒಂದು ಶುಕ್ರವಾರ ಅವನೇ ಅದನ್ನು ಓಡಿಸುತ್ತಿದ್ದ. ಸೀಟು ಅವನಿಗೆ ತೀರಾ ತಗ್ಗು. ತುಳಿದರೆ ಮೊಣಕಾಲು ಹೊಟ್ಟೆಗೆ ಬಡಿಯುತ್ತಿತ್ತು. ಲುಸೈಲಿನ ರಸ್ತೆಯಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡು ಮ್ಯಾಚಿಗೆ ಹೊರಟವರು ಅವನನ್ನು ಕಂಡು ಚಪ್ಪಾಳೆ ತಟ್ಟಿ ನಕ್ಕರು. ಸೀಟು ಏರಿಸಿಕೋ ಎಂದು ಝಕರಿಯಾ ಎಷ್ಟು ಸಲ ಸ್ಪ್ಯಾನರ್ ಹಿಡಿದು ಬಂದರೂ ಸೀನಪ್ಪ ಬಿಡಲಿಲ್ಲ.

ವಿಸಿಟ್ ವೀಸಾ ಮತ್ತೆ ಶುರುವಾದ ವಾರವೇ ಅವನು ಅರ್ಜಿ ಹಾಕಿದ. ಫೆಬ್ರವರಿಯ ಒಂದು ಶುಕ್ರವಾರ ಜೆಕ್ರೀತಿನಲ್ಲಿ ಪೂವಕ್ಕ ಶಾಲು ಬಿಗಿದು ತನ್ನ ಸೈಕಲ್ ಹತ್ತಿದಳು. ಎರಡೂ ಕಾಲಿನ ಬೆರಳು ನೆಲಕ್ಕೆ ಸರಿಯಾಗಿ ತಾಗಿದವು. ಅವಳು ಸೀಟನ್ನು ಮುಟ್ಟಿ ನೋಡಿದಳು, ಅವನ ಉದ್ದದ ಕಾಲುಗಳನ್ನು ನೋಡಿದಳು.

"ಇಷ್ಟು ದಿನ ಹೀಗೇ ಓಡಿಸಿದಿರಾ?"

"ಸ್ಲಿಪ್ಪು ನಿನ್ನ ಹೆಸರಿನಲ್ಲಿ ಉಂಟಲ್ಲ," ಎಂದು ಸೀನಪ್ಪ ಹೆಲ್ಮೆಟ್ಟಿನ ಪಟ್ಟಿ ಹುಡುಕತೊಡಗಿದ. ಅದನ್ನು ಬಿಗಿದು ತಲೆ ಎತ್ತುವಷ್ಟರಲ್ಲಿ ಪೂವಕ್ಕ ಅರ್ಧ ಏರು ಹತ್ತಿಯಾಗಿತ್ತು, ಮೇಲಿನಿಂದ ಬೆಲ್ಲು ಹೊಡೆದು ಅವನನ್ನು ಕರೆಯುತ್ತಿದ್ದಳು.