ಜಟ್ಟೆಪ್ಪನ ಸರದಿ

ಶಹಾಬಾದದ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಮನಸ್ಸು ಕೆಟ್ಟರೂ ಫೋನ್ ಕೆಟ್ಟಿದೆ ಎಂದೇ ಜನ ನನ್ನ ಬಳಿ ಬರುತ್ತಾರೆ. ನೀಲಾಬಾಯಿಯೂ ಹಾಗೇ ಬಂದಳು. ಫೋನನ್ನು ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟಳು.

"ಶಗುಫ್ತಾ, ಇದರಾಗ ಮಂದಿ ದನಿ ಕಡಿಮಿ ಆಗ್ಯಾವ. ಏನಾಗ್ಯದ ನೋಡವ್ವ."

ನೋಡಿದೆ. ಸ್ಪೀಕರ್ ನೆಟ್ಟಗಿತ್ತು. ಮಂದಿಯೇ ಕಡಿಮೆಯಾಗಿದ್ದರು.

ನೀಲಾಬಾಯಿ ಶಾಲೆಯಲ್ಲಿ ಬಿಸಿಯೂಟ ಬೇಯಿಸಿ ವಯಸ್ಸಾದವಳು. ಗಂಡ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ಕಲ್ಲು ಒಡೆಯುತ್ತಿದ್ದ. ಕೆಮ್ಮಿ ಕೆಮ್ಮಿ ಸತ್ತ. ಮಕ್ಕಳಾಗಲಿಲ್ಲ. ಓಣಿಯ ಹೆಂಗಸರ ಭಜನಾ ಮಂಡಳಿಯೇ ಅವಳ ಬಳಗವಾಗಿತ್ತು. ಖಣಿಗಳು ಮುಚ್ಚಿ ಆ ಹೆಂಗಸರ ಮನೆಯವರೆಲ್ಲ ದುಡಿಮೆ ಹುಡುಕಿಕೊಂಡು ಹೋದಾಗ ಅವಳ ಕೈಯಲ್ಲಿ ತಾಳ ಮಾತ್ರ ಉಳಿಯಿತು. ತತ್ವಪದವನ್ನು ಒಬ್ಬರೇ ಹಾಡಲಾಗುವುದಿಲ್ಲ ಎಂದು ನನಗೆ ತಿಳಿಸಿದವಳು ಅವಳೇ. ಒಬ್ಬರು ಒಂದು ಸಾಲು ಹೇಳಬೇಕು, ಉಳಿದವರು ಅದನ್ನೇ ಹಿಂದೆ ಅನ್ನಬೇಕು, ಆಮೇಲೇ ಮುಂದಿನ ಸಾಲು. ಹಿಂದೆ ಅನ್ನುವವರಿಲ್ಲದಿದ್ದರೆ ಪದ ಅಲ್ಲೇ ನಿಲ್ಲುತ್ತದೆ.

ಕಲಬುರಗಿಯ ಮೂವರು ಹುಡುಗಿಯರು 'ಸರದಿ' ಎಂಬ ಆಪ್ ಮಾಡಿದ್ದರು. ಊರೂರಿನ ಒಂಟಿ ಹಾಡುಗಾರರು ಅದರಲ್ಲಿ ಸಂಜೆ ಸೇರಿ, ಸರದಿಯ ಪ್ರಕಾರ ಹಾಡುತ್ತಿದ್ದರು. ಅದನ್ನು ನೀಲಾಬಾಯಿಯ ಫೋನಿಗೆ ಹಾಕಿಕೊಟ್ಟವಳು ನಾನೇ. ತೆಂಗಳಿಯ ಅಖ್ತರ ಬೇಗಂ ಇದ್ದಳು, ಸೇಡಂ, ಚಿತ್ತಾಪುರ ಕಡೆಯವರಿದ್ದರು. ಒಬ್ಬರಿಗೊಬ್ಬರು ಹೆಸರು, ಊರು ಗೊತ್ತು; ಫೋನ್ ನಂಬರ್ ಯಾರಿಗೂ ಗೊತ್ತಿರಲಿಲ್ಲ. ನೆಟ್‌ವರ್ಕಿನ ಕೃಪೆಯಿಂದ ಒಬ್ಬರ ದನಿ ಮುಂದೆ, ಒಬ್ಬರದು ಹಿಂದೆ. ಕೇಳಿದರೆ ಸಂತೆಯ ಗದ್ದಲ. ಆದರೂ ದೀಪ ಹಚ್ಚುವ ಹೊತ್ತಾದರೆ ಸಾಕು, ನೀಲಾಬಾಯಿಯ ಮುಖ ಬೇರೆಯೇ ಆಗುತ್ತಿತ್ತು. ಕೊನೆಯ ಸರದಿ ಯಾವಾಗಲೂ ಹಿರಿಯನಾದ ಕೊಡ್ಲಿಯ ಜಟ್ಟೆಪ್ಪನದು. ಅವನ ಪದವಾದ ಮೇಲೆ ನೀಲಾಬಾಯಿ ಮಂಗಳ ಹಾಡುತ್ತಿದ್ದಳು. ಮಂಗಳವಾದ ಮೇಲೆ ಯಾರೂ ಹಾಡುವಂತಿಲ್ಲ. ಮಂಗಳ ಹಾಡದೆ ಯಾರೂ ಏಳುವಂತೆಯೂ ಇಲ್ಲ.

ಮಂದಿ ಕಡಿಮೆಯಾದದ್ದು ಏಕೆಂದು ಆ ಹುಡುಗಿಯರಿಗೆ ಫೋನ್ ಮಾಡಿ ತಿಳಿದುಕೊಂಡೆ. ನಮ್ಮ ಫೋನುಗಳನ್ನೆಲ್ಲ ಒಳಗಿನಿಂದ ನಡೆಸುವ ದೊಡ್ಡ ಕಂಪನಿಯೊಂದಿದೆ. ಆಪ್ ಸಿಗುವ ಅಂಗಡಿಯೂ ಅದರದೇ. ಹುಡುಗಿಯರು ತಿಂಗಳ ಚಂದಾವನ್ನು ಮಂದಿಯಿಂದ ನೇರವಾಗಿ ತೆಗೆದುಕೊಳ್ಳುತ್ತಿದ್ದರು. ದುಡ್ಡು ನಮ್ಮ ಗಲ್ಲಾದ ಮೂಲಕವೇ ಬರಬೇಕು, ನಮ್ಮ ಪಾಲು ಮುರಿದುಕೊಂಡು ಉಳಿದದ್ದು ಕೊಡುತ್ತೇವೆ ಎಂದಿತು ಕಂಪನಿ. ಇವರು ಒಲ್ಲೆವೆಂದರು. ಕಂಪನಿ ಆಪನ್ನು ತನ್ನ ಅಂಗಡಿಯಿಂದ ಕಿತ್ತುಹಾಕಿತು. ಅಷ್ಟಕ್ಕೇ ಬಿಡದೆ, ಮೊದಲೇ ಆಪ್ ಇದ್ದವರ ಫೋನುಗಳಲ್ಲಿ 'ಇದು ಅಪಾಯ, ತೆಗೆದುಹಾಕಿ' ಎಂದು ಕೆಂಪು ಅಕ್ಷರ ತೋರಿಸತೊಡಗಿತು. ಅಂಜಿದವರು ಒತ್ತಿದರು. ಒತ್ತಿದವರಿಗೆ ಆಪ್ ಮತ್ತೆ ಸಿಗಲಿಲ್ಲ. ನೀಲಾಬಾಯಿಗೆ ಓದಲು ಬರುವುದಿಲ್ಲ. ತಿಳಿಯದ್ದೇನಾದರೂ ಬಂದರೆ ಹಿಂದಕ್ಕೆ ಹೋಗುವ ಗುಂಡಿ ಒತ್ತುವುದು ಅವಳ ರೂಢಿ. ಹಾಗಾಗಿ ಕೊನೆಗೆ ಅವಳೊಬ್ಬಳೇ ಉಳಿದಳು.

ಇದನ್ನೆಲ್ಲ ಬಿಡಿಸಿ ಹೇಳಿದೆ. ತಲೆಯಾಡಿಸಿದಳು, ನಂಬಲಿಲ್ಲ.

ಹುಡುಗಿಯರು ಗಟ್ಟಿ. ದೊಡ್ಡ ಕಂಪನಿಗಳ ದಬ್ಬಾಳಿಕೆಯನ್ನು ವಿಚಾರಿಸುವ ದಿಲ್ಲಿಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ಆಪ್ ಬಳಸುತ್ತಿದ್ದವರ ಹೇಳಿಕೆ ಬರೆದುಕೊಳ್ಳಲು ಅವರ ವಕೀಲ ಸಂಗಮೇಶ್ವರ ನನ್ನ ಅಂಗಡಿಗೇ ಬಂದ. ನೀಲಾಬಾಯಿಯನ್ನು ಸ್ಟೂಲಿನ ಮೇಲೆ ಕೂರಿಸಿದೆ.

"ಅಮ್ಮಾರ, ಕಂಪನಿ ಹಿಂಗ ಮಾಡಿದ್ದಕ್ಕ ನಿಮಗೇನ್ ನಷ್ಟ ಆಯ್ತು, ಹೇಳ್ರಿ," ಎಂದ.

"ಸಾಹೇಬ್ರ, ಕಂಪನೀದು ತಪ್ಪಿಲ್ರಿ. ತಪ್ಪು ನಂದದ."

ವಕೀಲ ಪೆನ್ನು ಕೆಳಗಿಟ್ಟ.

"ಅವತ್ತ ಫೋನಿನ ಚಾರ್ಜ್ ಮುಗೀಲಿಕತ್ತಿತ್ರಿ. ಮಂಗಳ ಬಿಟ್ರ ಛಲೋ ಅಲ್ಲಂತ ಗಡಿಬಿಡೀಲೆ ಹಾಡಿಬಿಟ್ಟೆ. ಜಟ್ಟೆಪ್ಪಣ್ಣನ ಸರದಿ ಇನ್ನಾ ಆಗಿದ್ದಿಲ್ಲ. ಹಿರೀ ಮನುಷ್ಯಾನ ಬಾಯಿ ಮುಚ್ಚಿಸಿದಂಗ ಆಯ್ತು. ಮರುದಿನ ಅವ ಬರಲಿಲ್ಲ. ಅವನ ಹಿಂದ ಒಬ್ಬೊಬ್ಬರ ಹೋದ್ರು. ಅದಕ್ಕ ಕಂಪನಿ ಏನ್ ಮಾಡ್ತದ್ರಿ?"

ನನಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಈ ಹೆಂಗಸು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಒಬ್ಬಳೇ ಮಲಗಿ ಎದ್ದಿದ್ದಾಳೆ! ಅವಳ ಫೋನನ್ನೇ ಕಸಿದುಕೊಂಡು ಆಪ್ ತೆರೆದೆ. ಕೆಂಪು ಅಕ್ಷರ ಬಂತು. ಬೆರಳಿಟ್ಟು ಒಂದೊಂದೇ ಮಾತು ಓದಿದೆ. ಇನ್ನೊಮ್ಮೆ ಓದು ಎಂದಳು. ಓದಿದೆ.

"ಜಟ್ಟೆಪ್ಪಣ್ಣಗೂ ಇದಾ ಬಂದಿತ್ತೇನ?"

"ಎಲ್ಲಾರಿಗೂ ಬಂದಿತ್ತು ಮೌಶಿ."

"ಹಂಗಾದ್ರ ಅಣ್ಣ ಸಿಟ್ಟಾಗಿಲ್ಲ," ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಹೇಳಿಕೆಗೆ ಹೆಬ್ಬೆಟ್ಟು ಒತ್ತಿದಳು.

ಆಯೋಗದ ಕೆಲಸ ಆಯೋಗದ ನಡಿಗೆಯಲ್ಲೇ ನಡೆಯಿತು. ಕೊಡ್ಲಿಗೆ ಹೋಗಿ ಬರೋಣವೆಂದು ನಾನು ಎಷ್ಟೋ ಸಲ ಹೇಳಿದೆ. "ಬರೇ ಕೈಲೆ ಏನ್ ಹೋಗೂದು? ಆಪ್ ಬರಲಿ, ಅಣ್ಣನ ಫೋನಿಗೆ ಹಾಕಿಕೊಟ್ಟು ಬರೂಣು," ಎನ್ನುತ್ತಿದ್ದಳು. ಮಳೆಗಾಲ ಕಳೆದು ಮತ್ತೊಂದು ಮಳೆಗಾಲ ಬಂದಾಗ ಆದೇಶವಾಯಿತು: ಆಪನ್ನು ಮತ್ತೆ ಅಂಗಡಿಯಲ್ಲಿಡಬೇಕು, ಕೆಂಪು ಅಕ್ಷರ ತೆಗೆಯಬೇಕು. ಕಂಪನಿ ಮೇಲ್ಮನವಿಗೆ ಹೋಯಿತಾದರೂ ಆಪ್ ಬಂತು.

ಮರುದಿನವೇ ಅಂಗಡಿ ಮುಚ್ಚಿ ಅವಳೊಂದಿಗೆ ಕೊಡ್ಲಿಗೆ ಹೊರಟೆ. ಬಸ್ಸಿನುದ್ದಕ್ಕೂ ಅವಳು ಕಿಟಕಿಯ ಕಡೆ ಮುಖ ಮಾಡಿ, "ತಪ್ಪಾಯ್ತಣ್ಣ, ಅವತ್ತ ಚಾರ್ಜ್ ಇದ್ದಿಲ್ಲ," ಎಂದು ಹೇಳಿ ನೋಡಿಕೊಳ್ಳುತ್ತಿದ್ದಳು. ನಗು ಬಂತು, ನಗಲಿಲ್ಲ.

ಜಟ್ಟೆಪ್ಪನ ಸೊಸೆ ಲುಂಬಿನಿ ನೀರು ಕೊಟ್ಟು, ನಾವು ಯಾರೆಂದು ಕೇಳಿ ತಿಳಿದು, ಎದುರಿಗೆ ಕೂತಳು.

"ಮಾವಾರು ಯುಗಾದಿ ಮುಂದ ತೀರಿ ಹೋದ್ರು," ಎಂದಳು. "ಕೆಂಪು ಅಕ್ಷರ ಬಂತಂತ ಅಂಜಿ ತಾವೇ ಒತ್ತಿದ್ರು. ಆಮ್ಯಾಲ ಅದು ಬರಲೇ ಇಲ್ಲ. ಎಲ್ಲಾರ ಭಜನಿ ನಾನಾ ಮುರದೆ ಅಂತ ಭಾಳ ಹಲುಬಿದ್ರು. ಶಹಾಬಾದದ ತಂಗಿ ಮಂಗಳ ಹಾಡ್ಲಿಕ್ಕ ಕಾಯ್ಲಿಕತ್ತಿರಬೇಕು, ನನ್ನ ಮ್ಯಾಲ ಸಿಟ್ಟಾಗಿರಬೇಕು ಅಂತಿದ್ರು."

ನೀಲಾಬಾಯಿ ತಂಬಿಗೆ ಕೆಳಗಿಟ್ಟಳು. ಬಸ್ಸಿನಲ್ಲಿ ಕಲಿತುಕೊಂಡ ಮಾತನ್ನು ಯಾರಿಗೂ ಹೇಳಲಿಲ್ಲ. ನನಗಂತೂ ಆ ಹೊತ್ತು ಕಂಪನಿಯವರು ಎದುರಿಗೆ ಸಿಕ್ಕಿದ್ದರೆ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಅವರು ಮಾಡಿದ ತಪ್ಪನ್ನು ಇಲ್ಲೊಬ್ಬ, ಅಲ್ಲೊಬ್ಬಳು ತಮ್ಮದೆಂದು ಹೊತ್ತುಕೊಂಡು ಕೂತಿದ್ದರು.

ಮರುಸಂಜೆ ಅವಳು ತಾಳ ಹಿಡಿದು ಅಂಗಡಿಗೆ ಬಂದಳು. ಸರದಿ ತೆರೆದುಕೊಟ್ಟೆ. ಅವಳ ಹೆಸರೊಂದೇ ಇತ್ತು. ಆಪ್ ತಿರುಗಿ ಬಂದಿದೆಯೆಂದು ಉಳಿದವರಿಗೆ ಹೇಳುವವರು ಯಾರು? ಸ್ವಲ್ಪ ಹೊತ್ತು ಕಾದಳು. ಆಮೇಲೆ ಜಟ್ಟೆಪ್ಪನ ಪದದ ಮೊದಲ ಸಾಲು ಹಾಡಿ ನಿಲ್ಲಿಸಿದಳು. ಹಿಂದೆ ಅನ್ನುವವರಿಲ್ಲ. ಮತ್ತೆ ಅದೇ ಸಾಲು ಹಾಡಿದಳು. ಮೂರನೆಯ ಸಲಕ್ಕೆ ನನಗೆ ತಡೆಯಲಾಗಲಿಲ್ಲ. ನನ್ನದು ಕಾಗೆಯ ದನಿ; ಹೊಂದಲಿ ಬಿಡಲಿ, ಹಿಂದೆ ಅಂದೆ. ಅವಳು ನನ್ನ ಕಡೆ ತಿರುಗದೆ ಮುಂದಿನ ಸಾಲಿಗೆ ಹೋದಳು. ಹಾಗೇ ಪದ ಮುಗಿಯಿತು.

"ಮಂಗಳ ಹಾಡು ಮೌಶಿ," ಎಂದೆ.

"ಬ್ಯಾಡವ್ವ. ಮಂಗಳ ಹಾಡಿದ್ರ ಭಜನಿ ಮುಗೀತದ. ಯಾರರೆ ಬಂದ್ರ ಅವರ ಸರದಿ ತಪ್ತದ."

ತಾಳವನ್ನು ಮಡಿಲಲ್ಲಿಟ್ಟುಕೊಂಡು, ಚಾರ್ಜರಿಗೆ ಹಚ್ಚಿದ ಫೋನಿನ ಮುಂದೆ ಕಾಯುತ್ತ ಕೂತಳು. ನಾನು ಶಟರ್ ಅರ್ಧ ಮಾತ್ರ ಇಳಿಸಿದೆ.