ಬೆನ್ನು ತಿರುಗಿಸಿ ಇಳಿದ ಮೂರು ಮೆಟ್ಟಿಲು

ಅವತ್ತು ಶುಕ್ರವಾರ. ಬೆಳಿಗ್ಗೆ ನೀರಿನ ಚೊಂಬು ಹಿಡಿದು ತುಳಸಿ ಕಟ್ಟೆಗೆ ಇಳಿಯುತ್ತಿದ್ದೆ. ಮಾಕಳಿಯ ನಮ್ಮ ಮನೆಗೆ ಇರುವುದು ಮೂರೇ ಮೆಟ್ಟಿಲು. ಮೂರನೆಯದು ಕಾಲಿಗೆ ತಿಳಿಯಲಿಲ್ಲ. ಬಿದ್ದೆ. ಹಿಂದಿನ ವಾರ ಭೇದಿಯಾಗಿ ಸುಸ್ತಾಗಿತ್ತು, ಅದರದ್ದೇ ಇರಬೇಕು ಎಂದುಕೊಂಡೆ.

ಸಂಜೆಗೆ ಮೊಣಕಾಲು ಹೋಯಿತು. ಮರುದಿನ ಆಸ್ಪತ್ರೆಯಲ್ಲಿ ಕೈ.

"ಜಿಬಿಎಸ್," ಎಂದರು ಡಾಕ್ಟರ್. ಭೇದಿಯ ರೋಗಾಣುವಿನ ಮೇಲೆ ಹೋಗಬೇಕಾದ ದೇಹ ತನ್ನ ನರಗಳ ಮೇಲೆಯೇ ಬಿದ್ದಿದೆಯಂತೆ.

"ಕೈಕಾಲು ವಾಪಸ್ ಬರುತ್ತಾ ಸಾರ್?" ಎಂದು ಯಜಮಾನರು ಕೇಳಿದರು.

"ತುಂಬಾ ಜನಕ್ಕೆ ಬರುತ್ತೆ. ಇವರಿಗೆ ಎಷ್ಟು, ಯಾವಾಗ ಅಂತ ಈಗ್ಲೇ ಹೇಳಕ್ಕಾಗಲ್ಲ."

ಐಸಿಯುನಲ್ಲಿ ಐದು ದಿನ ಐವಿಐಜಿ ಎಂಬ ಔಷಧಿಯನ್ನು ಡ್ರಿಪ್‌ನಲ್ಲಿ ಏರಿಸಿದರು. ವೆಂಟಿಲೇಟರ್ ಪಕ್ಕದಲ್ಲೇ ಇತ್ತು. ನನಗೆ ಹಾಕಲಿಲ್ಲ. ಉಸಿರನ್ನು ದೇವರು ನನ್ನ ಹತ್ತಿರವೇ ಬಿಟ್ಟಿದ್ದ.

ವಾರ್ಡಿಗೆ ಬಂದ ಮೇಲೆ ಯಜಮಾನರು ನನ್ನ ಪಾರಾಯಣದ ಪುಸ್ತಕವನ್ನು ರೇಷ್ಮೆ ಬಟ್ಟೆ ಸಮೇತ ತಂದುಬಿಟ್ಟರು. ಮದುವೆಯಾದಾಗಿನಿಂದ ಸ್ನಾನ ಮಾಡಿ ಅದನ್ನು ಓದದೆ ನಾನು ತಿಂಡಿ ಮುಟ್ಟಿದವಳಲ್ಲ.

"ವಾಪಸ್ ತಗೊಂಡ್ಹೋಗಿ ರೀ. ಮೈಗೆ ನೀರು ಬಿದ್ದು ಎಷ್ಟು ದಿನ ಆಯ್ತು."

"ನಾನ್ ಓದ್ತೀನಿ, ನೀನು ಕೇಳು."

"ನಿಮ್ದೆಲ್ಲಿ ಸ್ನಾನ ಆಗಿದೆ? ಪೀಣ್ಯದಲ್ಲಿ ಶಿಫ್ಟ್ ಮುಗಿಸ್ಕೊಂಡು ನೆಟ್ಟಗೆ ಬಂದಿದೀರ."

ಫಿಸಿಯೋಥೆರಪಿ ಹುಡುಗಿ ನನ್ನ ಕಾಲು ಮಡಿಸುತ್ತಾ ಕಿಟಕಿಯ ಕಡೆ ತೋರಿಸಿದಳು. "ಅಲ್ಲೊಂದು ಇಂಗ್ಲಿಷ್ ಬುಕ್ ಇದೆ ಅಂಕಲ್. ಹಿಂದಿನ ಪೇಷಂಟ್ ಬಿಟ್ಟೋಗಿದಾರೆ. ಅದಕ್ಕೆ ಮಡಿ ಗಿಡಿ ಏನೂ ಬೇಡ."

ಅದು ರಗ್ಬಿ ಲೀಗ್ ಆಡಿ ಬಿಟ್ಟ ಒಬ್ಬ ಆಟಗಾರನ ಆತ್ಮಕಥೆ. ರಗ್ಬಿ ಎಂದರೆ ಏನೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಯಜಮಾನರು ಐಟಿಐ ಓದಿದವರು, ಹರೆಯದಲ್ಲಿ ಫ್ಯಾಕ್ಟರಿ ಟೀಮಿಗೆ ಕಬಡ್ಡಿ ಆಡಿದವರು. ದಿನಾ ಮಧ್ಯಾಹ್ನ ಮೂರಕ್ಕೆ ಬಂದು, ಸಾಲಿನ ಕೆಳಗೆ ಬೆರಳಿಟ್ಟು ಓದಿ, ತಮ್ಮ ಕನ್ನಡದಲ್ಲಿ ಹೇಳುತ್ತಿದ್ದರು. ಮೊಟ್ಟೆಯಂಥ ಚೆಂಡು ಹಿಡಿದು ಓಡುವವನ ಮೇಲೆ ನಾಲ್ಕು ಜನ ಬೀಳುತ್ತಾರೆ. ಅವನು ಎದ್ದು, ಚೆಂಡನ್ನು ನೆಲಕ್ಕಿಟ್ಟು, ಕಾಲಿನಿಂದ ಹಿಂದಕ್ಕೆ ಉರುಳಿಸಬೇಕು. ಮತ್ತೆ ಓಟ, ಮತ್ತೆ ಬೀಳುವುದು.

"ನಮ್ ಕಬಡ್ಡಿ ತರಾನೇ ಕಣೇ. ಉಸಿರು ಹಿಡಿಯೋ ಕಷ್ಟ ಒಂದಿಲ್ಲ."

ಆ ಆಟಗಾರನ ಮುಂದಿನ ಹಲ್ಲುಗಳು ಆಟದಲ್ಲೇ ಹೋಗಿದ್ದವು. ಪಂದ್ಯಕ್ಕೆ ಮುಂಚೆ ಕಟ್ಟಿಸಿದ ಹಲ್ಲು ತೆಗೆದು ಬಿಚ್ಚಿಟ್ಟ ಶೂ ಒಳಗೆ ಇಡುತ್ತಿದ್ದನಂತೆ. ಒಮ್ಮೆ ಮರೆತು ಕಾಲು ಹಾಕಿದ. ತನ್ನ ಹಲ್ಲು ತನ್ನನ್ನೇ ಕಚ್ಚಿತು ಎಂದು ಬರೆದಿದ್ದಾನೆ. ನಾನು ನಕ್ಕೆ. ಮುಖದ ಒಂದು ಕಡೆ ಮಾತ್ರ ನಕ್ಕಿತು, ಇನ್ನೊಂದು ಕಡೆಯಿಂದ ಜೊಲ್ಲು ಇಳಿಯಿತು.

ಒರೆಸಿಕೊಳ್ಳಲು ಕೈ ಇಲ್ಲ.

ಯಜಮಾನರು ಕರ್ಚೀಫು ತೆಗೆದು ಒರೆಸಿ, ಏನೂ ಆಗದವರಂತೆ ಮುಂದಿನ ಸಾಲು ಓದಿದರು. ದೇವರ ನಾಮ ಬಿಟ್ಟು ಹಲ್ಲಿನ ಕಥೆಗೆ ಕಾಯುತ್ತಿದ್ದೇನಲ್ಲ ಎಂದು ನಾಚಿಕೆಯಾಗುತ್ತಿತ್ತು. ಆದರೂ ಗಡಿಯಾರದಲ್ಲಿ ಮೂರು ಗಂಟೆಯನ್ನೇ ನೋಡುತ್ತಿದ್ದೆ. ಸೊಳ್ಳೆ ಕೂತರೆ ಓಡಿಸಲಾಗದೆ ಇಡೀ ದಿನ ಮಲಗಿದವಳಿಗೆ ಕಾಯಲು ಏನಾದರೂ ಒಂದು ಬೇಕಲ್ಲ.

ಒಂದು ದಿನ ಅವರು ಪುಟ ತಿರುವುವಾಗ ನನ್ನ ಕಣ್ಣು ಮೂಲೆಯ ಅಂಕಿಯ ಮೇಲಿತ್ತು. ನೂರ ಹನ್ನೆರಡರಿಂದ ನೂರ ಇಪ್ಪತ್ತಕ್ಕೆ ಹೋಯಿತು.

"ಯಾಕ್ರೀ ಹಾರಿಸಿದ್ರಿ?"

"ಬೋರಾಗಿದೆ ಕಣೇ ಅದು."

"ಓದಿ."

ಅವರು ಪುಟಗಳನ್ನು ಹಿಂದಕ್ಕೆ ತಿರುವಿದರು. ಆಮೇಲೆ ಓದಿದರು. ಕುತ್ತಿಗೆಗೆ ಪೆಟ್ಟು ಬಿದ್ದು ಆಟಗಾರ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಹೆಂಡತಿ ಅವನಿಗೆ ಸ್ಪಂಜಿನಲ್ಲಿ ಮೈ ಒರೆಸುತ್ತಾಳೆ. ಇದಕ್ಕಿಂತ ಸಾಯುವುದು ಮೇಲು ಎಂದು ಅವಳಿಗೆ ಹೇಳಿಬಿಡುತ್ತಾನೆ. ಅಲ್ಲಿ ಯಜಮಾನರ ಬೆರಳು ನಿಂತಿತು.

ಹಿಂದಿನ ಸಂಜೆ ಅವರು ಊಟ ಮಾಡಿಸುವಾಗ ನಾನೂ ಅದನ್ನೇ ಹೇಳಿದ್ದೆ.

"ಅವಳು ಏನಂದ್ಲು?" ಎಂದೆ.

"ಏನೂ ಅನ್ನಲಿಲ್ವಂತೆ. ಹೊರಗಡೆ ಹೋಗಿ ಕಾರಿಡಾರ್‌ನಲ್ಲಿ ನಿಂತಿದ್ದು ಬಂದ್ಲಂತೆ." ಹಿಂದಿನ ಸಂಜೆ ಯಜಮಾನರೂ ತಟ್ಟೆ ತೊಳೆಯುತ್ತೇನೆಂದು ಹೋಗಿ ಎಷ್ಟೋ ಹೊತ್ತು ಬಂದಿರಲಿಲ್ಲ. ಆ ಮಾತನ್ನು ನಾನು ಮತ್ತೆ ಆಡಲಿಲ್ಲ.

ಬಲಗಾಲಿನ ಹೆಬ್ಬೆರಳು ಅಲುಗಿದ್ದು ಆಮೇಲೆ, ಎಷ್ಟೋ ದಿನಗಳ ನಂತರ. ಫಿಸಿಯೋ ಹುಡುಗಿ ಪಾದದ ಕೆಳಗೆ ಚೆಂಡಿಟ್ಟು ಉರುಳಿಸಲು ಹೇಳಿದಳು. "ಹಿಂದಕ್ಕೆ, ಹಿಂದಕ್ಕೆ," ಎಂದರು ಯಜಮಾನರು. ಒಂದು ಗೇಣೂ ಹೋಗಲಿಲ್ಲ. ಹೋದಷ್ಟಕ್ಕೆ ಅವರು ಸೀಟಿ ಊದುವವರಂತೆ ತುಟಿ ಮುಂದೆ ಮಾಡಿದರು. ನರ್ಸ್ ನೋಡಿದಳೆಂದು ನಿಲ್ಲಿಸಿದರು.

ಈಗ ಮನೆಯಲ್ಲಿದ್ದೇನೆ, ವಾಕರ್ ಜೊತೆ. ಜಡೆ ಹಾಕಿಕೊಳ್ಳಲು ಬರುವುದಿಲ್ಲ. ಎಡಗೈಯಲ್ಲಿ ಚೊಂಬು ನಿಲ್ಲುವುದಿಲ್ಲ. ಇನ್ನೆಷ್ಟು ಬರುತ್ತದೋ ಡಾಕ್ಟರಿಗೂ ಗೊತ್ತಿಲ್ಲ. ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಆ ಆಟಗಾರನಿಗೆ ವಯಸ್ಸಾಗಿದೆ, ಮಂಡಿ ಸವೆದಿದೆ. ದಿನಾ ಬೆಳಿಗ್ಗೆ ಮನೆಯ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಾನೆ.

ಈ ಶುಕ್ರವಾರ ನಾನೂ ಹಾಗೇ ಇಳಿದೆ. ಯಜಮಾನರು ಹಾಕಿದ ಪೈಪಿನ ಕಂಬಿ ಹಿಡಿದು, ಮುಖ ಬಾಗಿಲಿಗೆ, ಬೆನ್ನು ತುಳಸಿಗೆ. ತಪ್ಪಾಯಿತಮ್ಮ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು. ಎರಡು. ಮೂರನೆಯದು ತಣ್ಣಗಿತ್ತು.

ತಣ್ಣಗಿದೆ ಎಂದು ಪಾದಕ್ಕೆ ತಿಳಿಯಿತು.

ಕೆಳಗೆ ಯಜಮಾನರು ಚೊಂಬು ಹಿಡಿದು ನಿಂತಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ ಅಂದರು, "ಸ್ನಾನ ಆಗಿದೆ ಕಣೇ, ನನ್ದೂ." ಅವರ ಕೈ ಮೇಲೆ ಕೈಯಿಟ್ಟು ನೀರು ಹಾಕಿದೆ. ಅರ್ಧ ನಮ್ಮ ಕಾಲ ಮೇಲೆ ಬಿತ್ತು. ಉಳಿದದ್ದು ತುಳಸಿಗೆ.