ಬಸದಿಯಲ್ಲಿ ಸಂಜೆ ಹಾಲಿನ ಹೊತ್ತು

ನಮ್ಮ ಸೀಮೆಹಸು ನನ್ನ ಕೈಗೆ ಮಾತ್ರ ಹಾಲು ಬಿಡೋದು. ಇದನ್ನು ಊರಿಗೆಲ್ಲ ಸಾರಿದವಳು ನಾನೇ, ಬೇರೆ ಯಾರನ್ನೂ ಬೈಯುವ ಹಾಗಿಲ್ಲ. ಇನ್ಯಾರಾದರೂ ಬಕೆಟ್ಟು ಹಿಡಿದು ಹತ್ತಿರ ಹೋದರೆ ಝಾಡಿಸಿ ಒದೆಯೋದು. ಒದೆಯದಿದ್ದರೆ ಹಾಲನ್ನು ಮೇಲಕ್ಕೆ ಎತ್ತಿಕೊಂಡು ಸುಮ್ಮನೆ ನಿಂತುಬಿಡೋದು, ಎಷ್ಟು ಹಿಂಡಿದರೂ ಒಂದು ತೊಟ್ಟಿಲ್ಲ. ಡೈರಿ ಮುಂದೆ ಕ್ಯಾನು ಇಟ್ಟುಕೊಂಡು ನಿಂತ ಹೆಂಗಸರು "ಅದೇನ್ ಕೈಗುಣನವ್ವ ನಿಂದು" ಅಂದಾಗಲೆಲ್ಲ ನಾನು ಸೆರಗು ಸರಿಮಾಡಿಕೊಂಡು ಬೀಗಿದ್ದೇನೆ. ನಮ್ಮ ಯಜಮಾನರಂತೂ ನೆಂಟರ ಮುಂದೆ, "ಇವಳು ಒಂದ್ ದಿನ ಇಲ್ದಿದ್ರೂ ನಮ್ಮನೇಲಿ ಕಾಪೀಗೂ ಹಾಲಿಲ್ಲ" ಅನ್ನೋರು. ಹಸು ಬತ್ತುವ ಹೊತ್ತಿಗೆ ಅದರ ಮಗಳು ಕರು ಹಾಕಿತು. ಅದಕ್ಕೂ ತಾಯಿಯದೇ ಬುದ್ಧಿ. ಬೆಳಿಗ್ಗೆ ಐದೂವರೆ, ಸಂಜೆ ಐದೂವರೆ. ನೆಂಟರ ಮನೆಯಲ್ಲಿ ಒಂದು ರಾತ್ರಿ ಮಲಗಿ ಎದ್ದು ಎಷ್ಟು ವರ್ಷವಾಯಿತೋ ನನಗೇ ನೆನಪಿಲ್ಲ.

ಹೋದ ವರ್ಷ ನಮ್ಮ ಸ್ತ್ರೀಶಕ್ತಿ ಸಂಘದವರು ಬೇಲೂರು ಹಳೇಬೀಡಿಗೆ ಟೂರು ಹಾಕಿದರು. ಕೋಡಿಹಳ್ಳಿ ಕಡೆಯಿಂದ ಒಂದು ಟಿ.ಟಿ. ಗಾಡಿ, ಹದಿಮೂರು ಜನ ಹೆಂಗಸರು. ರಾತ್ರಿ ಶ್ರವಣಬೆಳಗೊಳದಲ್ಲಿ ಉಳಿದು ಬರಬೇಕು ಅಂತ ಎಲ್ಲರಿಗೂ ಆಸೆ. ಹಾಗಾದರೆ ನಾನು ಬರಲ್ಲ ಅಂದುಬಿಟ್ಟೆ. ಸಂಘದ ಅಧ್ಯಕ್ಷೆ ಅಂಗನವಾಡಿ ಟೀಚರು. "ನಿಮ್ಮ್ ಹಸೀನ್ ಕಾಟದಲ್ಲಿ ನಾವೂ ದೇವ್ರು ನೋಡಂಗಿಲ್ಲ" ಅಂತ ಗೊಣಗಿಕೊಂಡು ಟೂರನ್ನು ಒಂದೇ ದಿನಕ್ಕೆ ಇಳಿಸಿದರು. ಬೆಳಗಿನ ಜಾವವೇ ಹಾಲು ಕರೆದಿಟ್ಟು ಗಾಡಿ ಹತ್ತಿದೆ. ಮಧ್ಯಾಹ್ನ ಹನ್ನೆರಡಕ್ಕೆ ಹಳೇಬೀಡು ಬಿಟ್ಟರೆ ಸಂಜೆ ಆರರೊಳಗೆ ಕೊಟ್ಟಿಗೆಯಲ್ಲಿ ಇರಬಹುದು ಅಂತ ನನ್ನ ಲೆಕ್ಕ.

ಲೆಕ್ಕ ಸರಿಯಾಗಿಯೇ ಇತ್ತು, ಹೆಂಗಸರು ಸರಿಯಿರಲಿಲ್ಲ. ಒಬ್ಬಳಿಗೆ ದಾರಿಯುದ್ದಕ್ಕೂ ವಾಂತಿ. ಬೇಲೂರಲ್ಲಿ ಒಂದೊಂದು ಗೊಂಬೆ ಪಕ್ಕಕ್ಕೂ ನಿಂತು ಫೋಟೋ. ಊಟಕ್ಕೆ ಕೂತರೆ ಏಳಲ್ಲ, ಸರದ ಅಂಗಡಿಗೆ ನುಗ್ಗಿದರೆ ಹೊರಗೆ ಬರಲ್ಲ. ಹಳೇಬೀಡಿನ ದೊಡ್ಡ ಗುಡಿ ನೋಡಿ ಮುಗಿಸುವಾಗ ಐದೂಕಾಲು. "ಹತ್ರಮ್ಮಾ ಗಾಡೀನ, ನಿಮ್ಮ ಕಾಲಿಗೆ ಬೀಳ್ತೀನಿ" ಅಂದೆ. ಟೀಚರು ಕೇಳಬೇಕಲ್ಲ! "ಇಲ್ಲೇ ಅರ್ಧ ಕಿಲೋಮೀಟ್ರು ಬಸ್ತಿಹಳ್ಳಿ. ಜೈನರ ಬಸದಿ. ಆ ಕಂಬ ನೋಡ್ದೆ ಹೋದ್ರೆ ಇಲ್ಲಿಗ್ ಬಂದಿದ್ದೇ ದಂಡ" ಅಂದರು. ಗಾಡಿ ಅತ್ತ ತಿರುಗಿತು. ಇಳಿದು ಓಡೋಣ ಅಂದರೆ ಓಡೋದಾದರೂ ಎಲ್ಲಿಗೆ?

ಬಸದಿ ಹೊರಗಿಂದ ಬಲು ಸಾದಾ. ಇದಕ್ಕಾ ನನ್ನ ಪ್ರಾಣ ಹಿಂಡಿದ್ದು ಅನ್ನಿಸಿತು. ಒಳಗೆ ಕಾಲಿಟ್ಟರೆ ತಣ್ಣಗೆ, ಕತ್ತಲು. ಎದುರಿಗೆ ಮಾಳಿಗೆ ಮುಟ್ಟುವಷ್ಟು ಎತ್ತರದ ಪಾರ್ಶ್ವನಾಥ ಮೈಮೇಲೆ ಒಂದು ಎಳೆ ಬಟ್ಟೆಯಿಲ್ಲದೆ, ಯಾರ ಗೊಡವೆಯೂ ಇಲ್ಲದೆ ನಿಂತಿದ್ದ. ನಮ್ಮ ಹೆಂಗಸರು ತಲೆ ತಗ್ಗಿಸಿ ಕಿಸಕ್ಕಂದರು. ಸುತ್ತ ಕರಿಕಲ್ಲಿನ ಕಂಬಗಳು. ಮೇಲಿಂದ ಕೆಳಗಿನವರೆಗೂ ಬಳೆ ತೊಡಿಸಿದ ಹಾಗೆ ಸುತ್ತು ಸುತ್ತು ಕೊರೆದು, ಕನ್ನಡಿಗಿಂತ ನುಣ್ಣಗೆ ತೀಡಿದ್ದರು. ಬಸದಿ ಕಾಯುವ ಮುದುಕಪ್ಪ ಟಾರ್ಚು ಬಿಟ್ಟು, "ಇಲ್ಲಿ ನಿಂತ್ಕೊಳ್ಳಿ ತಾಯಿ, ನಿಮ್ಮ ಮುಖ ಕಾಣುತ್ತೆ" ಅಂದ. ಕಂಡಿತು. ಒಂದು ಕಂಬದಲ್ಲಿ ಉದ್ದಕ್ಕೆ, ಇನ್ನೊಂದರಲ್ಲಿ ಕುಳ್ಳಗೆ, ಮತ್ತೊಂದರಲ್ಲಿ ಸೊಟ್ಟಗೆ. ಎತ್ತ ತಿರುಗಿದರೂ ನಾನೇ, ಎಲ್ಲದರಲ್ಲೂ ಫೋನು ಹಿಡಿದುಕೊಂಡು ಟೈಮು ನೋಡುತ್ತಿದ್ದೇನೆ. ಬೇರೆಯವರಿಗೆ ತಮಾಷೆ, ನನಗೆ ಹಸುವಿನದೇ ಚಿಂತೆ. ಐದೂಮುಕ್ಕಾಲು ಆಗಿತ್ತು. ಈಗ ಹೊರಟರೂ ಮನೆ ಸೇರುವಷ್ಟರಲ್ಲಿ ಕೆಚ್ಚಲು ಬಿಗಿದು ಬಾವು ಬಂದಿರುತ್ತದೆ. ಪಾಪ, ಮೂಕಪ್ರಾಣಿ.

ಬಾಗಿಲ ಹತ್ತಿರದ ಕಂಬದ ಬಳಿ ಸಿಗ್ನಲ್ಲು ಬಂತು. ಯಜಮಾನರಿಗೆ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ನಮ್ಮತ್ತೆ ಎತ್ತಿದರು.

"ಅವ್ನು ಹಾಲ್ ಕರೀತಾ ಕುಂತವ್ನೆ ಕಣಮ್ಮಿ. ಒಸಿ ಹೊತ್ ಬುಟ್ಟು ಮಾಡು."

"ಅವ್ರಾ? ಅಯ್ಯೋ ಒದೀತದೆ ಕಣತ್ತೆ, ದೂರ ಬರೋಕ್ ಹೇಳಿ!"

"ಯಾಕ್ ಒದ್ದಾತು? ನಿನ್ ನೈಟಿ ತೊಟ್ಕಂಡು ತಲೆಗೊಂದ್ ಟವಲ್ ಸುತ್ಕಂಡ್ ಕುಂತ್ರೆ ಸುಮ್ಕೆ ನಿಂತ್ಕತದೆ. ವಾಸ್ನೆ ನಿಂದೇ ತಾನೆ? ಅದ್ಕೇನ್ ಗೊತ್ತಾದದು!" ಅತ್ತೆಗೆ ನಗು.

"ಯಾವತ್ನಿಂದ ಅತ್ತೆ ಇದು?"

"ನಿಂಗೆ ಚಿಕೂನ್‌ಗುನ್ಯಾ ಬಂದಿರ್ನಿಲ್ವಾ, ಆಗ್ಲೇ ಕಲ್ತ್ಕಂಡ."

ಚಿಕೂನ್‌ಗುನ್ಯಾದಲ್ಲಿ ನನಗೆ ಬೆರಳು ಮಡಚೋಕೂ ಆಗುತ್ತಿರಲಿಲ್ಲ. ಹಸು ಏನಾಯಿತು ಅಂತ ಮಲಗಿದ್ದಲ್ಲಿಂದಲೇ ಕೇಳಿದರೆ, "ಕರುಗೇ ಕುಡ್ಯಕ್ ಬುಟ್ಬುಟ್ಟಿವ್ನಿ, ಬೇಗ ವಾಸಿ ಮಾಡ್ಕೊ" ಅಂದಿದ್ದರು ಯಜಮಾನರು. ನಾನು ಮೂರನೇ ವಾರಕ್ಕೆ ನೋಯುವ ಕೈಯಲ್ಲೇ ಹೋಗಿ ಕೂತೆ.

ಅಲ್ಲೇ ಕಂಬ ಹಿಡಿದು ನಿಂತು ಎಣಿಸಿದೆ. ಚಿಕೂನ್‌ಗುನ್ಯಾ ಬಂದಿದ್ದು ಅಮ್ಮ ತೀರಿಕೊಳ್ಳುವ ಹಿಂದಿನ ವರ್ಷ.

ನನ್ನ ತವರು ಮಾಗಡಿ ಹತ್ತಿರ. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು, ಆಮೇಲೆ ಎದೆಯಲ್ಲಿ ಕಫ ಕಟ್ಟಿ, ರಾಮನಗರದ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಇದ್ದಳು. ನಾನು ಹತ್ತೊಂಬತ್ತು ದಿನವೂ ಬೆಳಿಗ್ಗೆ ಹೋಗಿ ಮೂರು ಗಂಟೆ ಬಸ್ಸಿಗೆ ವಾಪಸ್ಸು. ಕೊನೆಯ ದಿನ ಅಮ್ಮ ಕೈ ಬಿಡಲೇ ಇಲ್ಲ. "ಇವತ್ತೊಂದಿನ ಇದ್ಬುಡೇ" ಅಂದಳು. ಜೀವನದಲ್ಲಿ ನನ್ನ ಹತ್ತಿರ ಏನೂ ಕೇಳಿದವಳಲ್ಲ. ಇರ್ತೀನಿ ಕಣಮ್ಮ ಅಂದೆ. ಅಷ್ಟರಲ್ಲಿ ಯಜಮಾನರ ಫೋನು: "ಹಸ ಹತ್ರುಕ್ ಬುಟ್ಕತಿಲ್ಲ, ಕೆಚ್ಚಲು ಕಲ್ಲಾಗೈತೆ, ಬಂದ್ಬುಡು." ಅಮ್ಮನೇ ಕೈ ಬಿಟ್ಟಳು. "ಹೋಗವ್ವ, ಪಾಪ ಬರ್ತದೆ" ಅಂದಳು. ಹೋದೆ. ನಾನು ಹಾಲು ಕರೆಯುವಾಗ ನನ್ನ ಫೋನು ಯಜಮಾನರ ಕೈಲಿತ್ತು. ಅಮ್ಮ ಹೋದಳು ಅಂತ ನನ್ನ ತಮ್ಮ ಫೋನು ಮಾಡಿದ್ದನ್ನು ಅವರು ಕೇಳಿಸಿಕೊಂಡು, ನಾನು ಕರೆದು ಮುಗಿಸುವವರೆಗೂ ಸುಮ್ಮನೆ ನಿಂತಿದ್ದು, ಆಮೇಲೆ ಹೇಳಿದರು. ಅವತ್ತು ಅದನ್ನು ನಾನು ಒಳ್ಳೆಯತನ ಅಂದುಕೊಂಡೆ.

ಮುದುಕಪ್ಪ ಬಾಗಿಲು ಹಾಕುವ ಹೊತ್ತಾಯಿತು ಅಂತ ಎಲ್ಲರನ್ನೂ ಹೊರಗೆ ಕಳಿಸುತ್ತಿದ್ದ. ನಾನು ಕಂಬದ ಹತ್ತಿರವೇ ಉಳಿದೆ. ಕೈಯಲ್ಲಿ ಫೋನು ಹೊಡೆದುಕೊಂಡಿತು. ಯಜಮಾನರು.

"ಎಲ್ಲಿದ್ದೀಯೆ? ಹಸ ಹತ್ರುಕ್ ಬುಟ್ಕತಿಲ್ಲ ಕಣೆ. ಕೆಚ್ಚಲು ಕಲ್ಲಾಗೈತೆ. ಡ್ರೈವರ್‌ಗೆ ಹೇಳಿ ಬಿರ್‍ನೆ ಬಂದ್ಬುಡು."

"ನನ್ನ ನೈಟಿ ಬಿಚ್ಚಿಟ್ರಾ, ಇನ್ನೂ ಮೈಮೇಲೇ ಐತಾ?" ಅಂದೆ.

"ಅವ್ವ ಹೇಳ್ಬುಡ್ತಾ?" ಅಂದರು ಮೆಲ್ಲಗೆ.

"ಆಸ್ಪತ್ರೆಯಿಂದ ನನ್ನ ಕರೆಸ್ಕಂಡ್ರಲ್ಲ, ಅವತ್ತೂ ನಿಮಗೆ ಕರೆಯೋಕ್ ಬರ್ತಿತ್ತು ಅಲ್ವಾ?"

"ಹಂಗಲ್ಲ ಕಣೆ. ಒಂದಿನ ಉಳ್ಕಂಡ್ರೆ ನಾಳೆ ನಾಕ್ ದಿನ ಉಳ್ಕತೀಯ. ಮನೆ ಕತೆ ಏನು? ಅದ್ಕೆ."

ಅಷ್ಟೇ. ಕೋಪ ಮಾಡಿಕೊಂಡೂ ಹೇಳಲಿಲ್ಲ, ಅತ್ತುಕೊಂಡೂ ಹೇಳಲಿಲ್ಲ. ಹಿಂಡಿ ಎಷ್ಟು ಹಾಕಿದೆ ಅಂತ ಹೇಳುವ ಧ್ವನಿಯಲ್ಲಿ ಹೇಳಿದರು.

"ನಾಳೆ ಬೆಳಿಗ್ಗೆನೂ ನೀವೇ ಕರೀರಿ," ಅಂದೆ. "ಸಂಜೇನೂ."

"ಹಂಗಂದ್ರೆ? ಯಾವಾಗ ಬತ್ತೀಯ?"

"ಬರಲ್ಲ. ಒಂದಷ್ಟು ದಿನ ಎಲ್ಲಾದರೂ ಇದ್ದು ಬರ್ತೀನಿ."

"ಎಲ್ಲಿ?" ಅಂದರು.

ಹೋಗಿ ಇರೋಣ ಅಂದರೆ ಅಮ್ಮ ಇರಲಿಲ್ಲ.